ಪ್ರೊಟೊಟೈಪ್‌ಗಳನ್ನು ಎಲ್ಲಿಡಬೇಕು: ಹಳೆಯ ಆರ್‌ಪಿಜಿ ಕೋಡ್ ನೋಡಿಕೊಳ್ಳುವವರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಲ್ಲಿ ಕುಳಿತು ದೂರದ ಕಂಪನಿಗಳ ಹಳೆಯ ವ್ಯವಹಾರ ತಂತ್ರಾಂಶವನ್ನು ನೋಡಿಕೊಳ್ಳುವವರು ಈಗ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರ ಪಾಲಿಗೆ ಬಂದಿರುವುದು ಐಬಿಎಂ ಐ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಓಡುವ, ಆರ್‌ಪಿಜಿ ಎಂಬ ಭಾಷೆಯಲ್ಲಿ ಬರೆದ ಕೋಡ್. 1988ರಲ್ಲಿ ಎಎಸ್/400 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆ ಹಲವು ಬಾರಿ ಹೆಸರು ಬದಲಿಸಿಕೊಂಡು 2008ರಿಂದ ಐಬಿಎಂ ಐ ಎಂದು ಕರೆಯಿಸಿಕೊಳ್ಳುತ್ತಿದೆ. ಆದರೆ ಅಂದು ಬರೆದ ಪ್ರೋಗ್ರಾಮ್‌ಗಳು ಎಷ್ಟೋ ಕಡೆ ಇಂದಿಗೂ ಗೋದಾಮಿನ ಲೆಕ್ಕ, ವಿಮೆಯ ಕಂತು, ಸಂಬಳದ ಪಟ್ಟಿಗಳನ್ನು ತಯಾರಿಸುತ್ತಲೇ ಇವೆ. ಅಂಥ ಕೋಡ್ ಕೈಗೆ ಬಂದವರು ಬೇಗನೆ ಎದುರಿಸುವ ಪ್ರಶ್ನೆಯೊಂದನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ: ಒಂದು ಪ್ರೋಗ್ರಾಮ್ ಇನ್ನೊಂದನ್ನು ಕರೆಯಲು ಬೇಕಾದ ಪ್ರೊಟೊಟೈಪ್‌ಗಳನ್ನು, ಅಂದರೆ ಕರೆಸಿಕೊಳ್ಳುವುದಕ್ಕೆ ಯಾವ ಯಾವ ಪ್ಯಾರಾಮೀಟರ್ (ದಾಟಿಸುವ ಮೌಲ್ಯ) ಕೊಡಬೇಕೆಂಬ ವಿವರಣೆಗಳನ್ನು, ಎಲ್ಲಿ, ಯಾವ ಕಟ್ಟಿನಲ್ಲಿ ಇಡಬೇಕು? ಇದಕ್ಕೆ ನಾಲ್ಕೈದು ರೂಢಿಗಳಿವೆ. ಎಲ್ಲವೂ ಕೆಲಸ ಮಾಡುತ್ತವೆ. ಎರಡು ವರ್ಷದ ನಂತರ ಒಂದು ಪ್ಯಾರಾಮೀಟರ್ ಬದಲಿಸಬೇಕಾಗಿ ಬಂದ ದಿನ ಅವುಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ.

ಉದಾಹರಣೆಗೆ ಅಡಿಕೆ ವ್ಯಾಪಾರದ ಒಂದು ಕಲ್ಪಿತ ತಂತ್ರಾಂಶವನ್ನು ಇಟ್ಟುಕೊಳ್ಳುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ದರ್ಜೆಗಳನ್ನಾಗಲಿ, ಟೆಂಡರಿನ ದರ ಕ್ವಿಂಟಾಲಿನ ಲೆಕ್ಕದಲ್ಲಿರುತ್ತದೆ ಎಂಬುದನ್ನಾಗಲಿ ನಮ್ಮ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಹಳೆಯ ಆರ್‌ಪಿಜಿಯಲ್ಲಿ ಕರೆ ಎಂದರೆ ಕಾಲ್ ಎಂಬ ಸಾಲು, ಅದರ ಕೆಳಗೆ ಪಾರ್ಮ್ ಎಂಬ ಸಾಲುಗಳ ಪಟ್ಟಿ. ಕರೆಸಿಕೊಳ್ಳುವ ಪ್ರೋಗ್ರಾಮಿಗೆ ಎಷ್ಟು ಪ್ಯಾರಾಮೀಟರ್ ಬೇಕು, ಅವು ಯಾವ ಬಗೆಯವು ಎಂಬುದು ಕಂಪೈಲರಿಗೆ ಗೊತ್ತೇ ಇರುತ್ತಿರಲಿಲ್ಲ. ನೀವು ಕೊಟ್ಟ ವಿಳಾಸಗಳನ್ನು ಅದು ಸುಮ್ಮನೆ ದಾಟಿಸುತ್ತಿತ್ತು. 1994ರಲ್ಲಿ ಆರ್‌ಪಿಜಿ-4 ಬಂದ ನಂತರದ ಬಿಡುಗಡೆಗಳಲ್ಲಿ ಪ್ರೊಸೀಜರ್‌ಗಳೂ (ಹೆಸರಿಟ್ಟು ಕರೆಯಬಹುದಾದ ಕೋಡಿನ ತುಂಡುಗಳು) ಪ್ರೊಟೊಟೈಪ್‌ಗಳೂ ಸೇರಿದವು. ಅಂದಿನಿಂದ ಕರೆಯುವವನು ಕೊಡುವ ಪ್ಯಾರಾಮೀಟರುಗಳ ಸಂಖ್ಯೆ, ಬಗೆ, ಉದ್ದಗಳನ್ನು ಕಂಪೈಲರ್ ಪ್ರೊಟೊಟೈಪಿನೊಡನೆ ತಾಳೆ ನೋಡುತ್ತದೆ. ಕಾನ್ಸ್ಟ್ ಎಂದು ಗುರುತಿಸಿದ ಕಡೆ ಲೆಕ್ಕದ ಮಾತನ್ನೋ ಬರಿಯ ಅಂಕಿಯನ್ನೋ ಕೊಟ್ಟರೂ ಅದನ್ನು ಬೇಕಾದ ರೂಪಕ್ಕೆ ತಾನೇ ತಂದುಕೊಳ್ಳುತ್ತದೆ. ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಕಂಪೈಲರ್ ನಂಬುವುದು ಪ್ರೊಟೊಟೈಪನ್ನು. ಪ್ರೊಟೊಟೈಪೇ ತಪ್ಪಾಗಿದ್ದರೆ ಅದು ಆ ತಪ್ಪಿನ ಪ್ರಕಾರವೇ ಅಚ್ಚುಕಟ್ಟಾಗಿ ಕಂಪೈಲ್ ಮಾಡಿಕೊಡುತ್ತದೆ.

ಯಾವ ರೂಢಿಯಾದರೂ ಬಿಡಬಾರದ ಷರತ್ತು

ರೂಢಿಗಳ ಹೋಲಿಕೆಗೆ ಹೋಗುವ ಮೊದಲು ಈ ಷರತ್ತನ್ನು ಹೇಳಬೇಕು, ಏಕೆಂದರೆ ಇದನ್ನು ಪಾಲಿಸದಿದ್ದರೆ ಮುಂದಿನ ಯಾವ ಆಯ್ಕೆಯೂ ಉಪಯೋಗಕ್ಕೆ ಬರುವುದಿಲ್ಲ. ಪ್ರೊಟೊಟೈಪ್ ಯಾವ ಪ್ರೋಗ್ರಾಮಿನದೋ ಆ ಪ್ರೋಗ್ರಾಮಿನ ಮೂಲವೂ ಅದೇ ಕಾಪಿಬುಕ್ಕನ್ನು, ಅಂದರೆ ಹಲವು ಪ್ರೋಗ್ರಾಮ್‌ಗಳು /ಕಾಪಿ ಎಂಬ ಸಾಲಿನಿಂದ ಒಳಗೆ ತಂದುಕೊಳ್ಳುವ ಹಂಚಿಕೆಯ ಮೂಲವನ್ನು, ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಂಡಾಗ ಅಲ್ಲಿರುವ ಪ್ರೊಸೀಜರ್ ಇಂಟರ್‌ಫೇಸನ್ನೂ (ತಾನು ಪಡೆಯುವ ಪ್ಯಾರಾಮೀಟರುಗಳ ಘೋಷಣೆ) ಪ್ರೊಟೊಟೈಪನ್ನೂ ಕಂಪೈಲರ್ ಎದುರುಬದುರಾಗಿ ಇಟ್ಟು ನೋಡುತ್ತದೆ, ಎರಡೂ ಹೊಂದದಿದ್ದರೆ ಕಂಪೈಲ್ ನಿಲ್ಲುತ್ತದೆ. ಪ್ರೊಟೊಟೈಪ್ ಸರಿಯೋ ತಪ್ಪೋ ಎಂದು ಯಂತ್ರ ಪರೀಕ್ಷಿಸುವ ಜಾಗ ಇಡೀ ವ್ಯವಸ್ಥೆಯಲ್ಲಿ ಇದೊಂದೇ.

2010ರ 7.1 ಬಿಡುಗಡೆಯಿಂದ, ಇಂಟರ್‌ಫೇಸ್ ಬರೆದಿದ್ದರೆ ಅದೇ ಮಾಡ್ಯೂಲಿನೊಳಗೆ ಪ್ರೊಟೊಟೈಪ್ ಬರೆಯಲೇಬೇಕೆಂಬ ನಿಯಮ ಇಲ್ಲವಾಯಿತು. ಒಳಗಿನ ಸಣ್ಣಪುಟ್ಟ ಪ್ರೊಸೀಜರ್‌ಗಳಿಗೆ ಇದು ದೊಡ್ಡ ಅನುಕೂಲ. ಹೊರಗಿನವರು ಕರೆಯುವ ಪ್ರೊಸೀಜರ್‌ಗಳಿಗೆ ಇದೇ ಸಡಿಲಿಕೆ ಅಪಾಯವಾಯಿತು, ಏಕೆಂದರೆ ಮಾಲೀಕ ಪ್ರೋಗ್ರಾಮಿನಲ್ಲಿ ಕಾಪಿಬುಕ್ಕಿನ ಸಾಲನ್ನು ಬಿಟ್ಟರೂ ಯಾರೂ ಗದರುವುದಿಲ್ಲ. ಐಬಿಎಂನವರು ಮುಂದೆ ಇದಕ್ಕೆಂದೇ ಆರ್‌ಇಕ್ಯೂಪಿಆರ್‌ಇಎಕ್ಸ್‌ಪಿ ಎಂಬ ಕಂಪೈಲ್ ಆಯ್ಕೆಯನ್ನು ಸೇರಿಸಿದರು. ಅದಕ್ಕೆ ‘ವಾರ್ನ್’ ಎಂದರೆ ಪ್ರೊಟೊಟೈಪ್ ಇಲ್ಲದ ಎಕ್ಸ್‌ಪೋರ್ಟ್ (ಹೊರಗಿನವರು ಕರೆಯಬಹುದಾದ) ಪ್ರೊಸೀಜರನ್ನು ಕಂಪೈಲರ್ ಎಚ್ಚರಿಕೆಯೊಂದಿಗೆ ತೋರಿಸುತ್ತದೆ, ‘ರಿಕ್ವೈರ್’ ಎಂದರೆ ಕಂಪೈಲನ್ನೇ ನಿಲ್ಲಿಸುತ್ತದೆ. ನಿಮ್ಮ ಬಿಡುಗಡೆಯಲ್ಲಿ ಅದು ಇದ್ದರೆ ಹಳೆಯ ಕೋಡಿಗೆ ಮೊದಲು ವಾರ್ನ್ ಇಟ್ಟು, ಎಚ್ಚರಿಕೆಗಳು ತೀರಿದ ಮೇಲೆ ರಿಕ್ವೈರಿಗೆ ಹೋಗುವುದು ನಡೆಯುವ ದಾರಿ.

ಈ ಷರತ್ತು ಮುರಿದಾಗ ಆಗುವುದೇನು ಎಂಬುದನ್ನು ಹತ್ತಿರದಿಂದ ನೋಡಿದರೆ ಒಳ್ಳೆಯದು. ಬೆಳೆಗಾರರ ಬಿಲ್ಲಿನ ಮೊತ್ತವನ್ನು ಲೆಕ್ಕ ಹಾಕಿ ಕೊಡುವ ಪ್ರೋಗ್ರಾಮಿನಲ್ಲಿ ಮೊತ್ತದ ಪ್ಯಾರಾಮೀಟರ್ 9 ಅಂಕಿಯ, 2 ದಶಮಾಂಶದ ಪ್ಯಾಕ್ಡ್ ಸಂಖ್ಯೆ ಎಂದುಕೊಳ್ಳಿ. ಅದರಲ್ಲಿ 99,99,999.99ರ ವರೆಗೆ ಹಿಡಿಯುತ್ತದೆ. ಯಾರದೋ ದೊಡ್ಡ ಲೆಕ್ಕ ಕೋಟಿ ದಾಟುತ್ತದೆ, ಆದ್ದರಿಂದ ಅದನ್ನು 11 ಅಂಕಿಗೆ ಹಿಗ್ಗಿಸಲಾಗುತ್ತದೆ. ಪ್ಯಾಕ್ಡ್ ರೂಪದಲ್ಲಿ ಒಂದು ಬೈಟಿಗೆ ಎರಡು ಅಂಕಿ, ಕೊನೆಯ ಅರ್ಧ ಬೈಟಿನಲ್ಲಿ ಚಿಹ್ನೆ. ಹೀಗಾಗಿ 9 ಅಂಕಿಗೆ 5 ಬೈಟ್, 11 ಅಂಕಿಗೆ 6 ಬೈಟ್. ಹಳೆಯ ಪ್ರೊಟೊಟೈಪಿನ ಪ್ರಕಾರ ಕಂಪೈಲ್ ಆದ ಪ್ರೋಗ್ರಾಮ್ 5 ಬೈಟಿನ ಜಾಗದ ವಿಳಾಸವನ್ನು ಕೊಡುತ್ತದೆ, ಕರೆಸಿಕೊಂಡದ್ದು 6 ಬೈಟ್ ಓದುತ್ತದೆ. ಐದನೆಯ ಬೈಟಿನ ಕೊನೆಯಲ್ಲಿದ್ದ ಚಿಹ್ನೆ ಈಗ ಅಂಕಿಯ ಜಾಗದಲ್ಲಿ ಬಂದು ಕೂರುತ್ತದೆ; ಅದು ಅಂಕಿಯಲ್ಲ, ಆದ್ದರಿಂದ ಡೆಸಿಮಲ್ ಡೇಟಾ ಎರರ್, ಸ್ಥಿತಿ ಸಂಖ್ಯೆ 907, ಎಂದು ಪ್ರೋಗ್ರಾಮ್ ನಿಲ್ಲುತ್ತದೆ.

ಹೀಗೆ ನಿಂತರೆ ಪುಣ್ಯ. ಅದೇ ಪ್ರೋಗ್ರಾಮ್ ದರ್ಜೆಯ ಸಂಕೇತವನ್ನೂ ಹಿಂದಿರುಗಿಸುತ್ತಿತ್ತು, ಅದನ್ನು 2 ಅಕ್ಷರದಿಂದ 4 ಅಕ್ಷರಕ್ಕೆ ಹಿಗ್ಗಿಸಿದರು ಎಂದಿಟ್ಟುಕೊಳ್ಳಿ. ಕರೆಯುವವನು ಡೇಟಾ ಸ್ಟ್ರಕ್ಚರಿನ 2 ಅಕ್ಷರದ ಒಂದು ಉಪಕ್ಷೇತ್ರವನ್ನು ಕಳುಹಿಸಿದ್ದರೆ, ಹಿಂದಿರುಗಿದ 4 ಅಕ್ಷರಗಳಲ್ಲಿ ಕೊನೆಯ ಎರಡು ಪಕ್ಕದ ಉಪಕ್ಷೇತ್ರದ ಮೇಲೆ, ಅಂದರೆ ಲಾಟ್ ನಂಬರಿನ ಮೊದಲೆರಡು ಅಕ್ಷರಗಳ ಮೇಲೆ, ಹೋಗಿ ಕೂರುತ್ತವೆ. ದೋಷದ ಸಂದೇಶವಿಲ್ಲ, ಜಾಬ್ ನಿಲ್ಲುವುದಿಲ್ಲ. ಒಬ್ಬರ ಚಾಲಿ ಇನ್ನೊಬ್ಬರ ಖಾತೆಗೆ ಏಕೆ ಹೋಯಿತೆಂದು ವಾರ ಕಳೆದ ಮೇಲೆ ಯಾರೋ ಫೋನ್ ಮಾಡಿ ಕೇಳಿದಾಗಲೇ ಹುಡುಕಾಟ ಶುರುವಾಗುವುದು.

ಕರೆಯುವವನೇ ಬರೆದುಕೊಳ್ಳುವುದು

ಪ್ರತಿ ಪ್ರೋಗ್ರಾಮಿನಲ್ಲೂ ಬೇಕಾದ ಪ್ರೊಟೊಟೈಪನ್ನು ಬೇರೊಂದು ಕಡೆಯಿಂದ ನಕಲು ಮಾಡಿ ಅಂಟಿಸುವುದು ಹಳೆಯ ಕೋಡಿನಲ್ಲಿ ಎಲ್ಲೆಡೆ ಕಾಣುವ ರೂಢಿ. ಇದರ ಪರವಾಗಿ ಹೇಳಬಹುದಾದ ಮಾತು ಒಂದೇ: ಬರೆದದ್ದು ಕಣ್ಣೆದುರಿಗೇ ಇರುತ್ತದೆ. ಮೇಲಿನ ಎರಡೂ ಅವಾಂತರಗಳು ಹುಟ್ಟುವುದು ಇಲ್ಲಿಂದ. ಒಂದೇ ಒಂದು ಕಡೆಯಿಂದ ಕರೆಯಲ್ಪಡುವ, ಬಿಸಾಡಲಿಕ್ಕೆಂದೇ ಬರೆದ ಪರೀಕ್ಷಾ ಪ್ರೋಗ್ರಾಮಿನ ಹೊರತು ಇದನ್ನು ನಾನು ಆಯ್ಕೆಯೆಂದೇ ಎಣಿಸುವುದಿಲ್ಲ.

ಎಲ್ಲವೂ ಒಂದೇ ಕಾಪಿಬುಕ್ಕಿನಲ್ಲಿ

ಇಡೀ ತಂತ್ರಾಂಶದ ಪ್ರೊಟೊಟೈಪ್‌ಗಳನ್ನು ಒಂದೇ ಮೆಂಬರಿನಲ್ಲಿ (ಸೋರ್ಸ್ ಫೈಲಿನೊಳಗಿನ ಒಂದು ಮೂಲ ಕಡತ) ತುಂಬಿ, ಪ್ರತಿ ಪ್ರೋಗ್ರಾಮಿನ ಆರಂಭದಲ್ಲಿ ಒಂದೇ /ಕಾಪಿ ಸಾಲನ್ನು ಬರೆಯುವ ರೂಢಿಯನ್ನು ಹೀಗಳೆಯುವುದು ಈಗ ಸುಲಭವಾಗಿಬಿಟ್ಟಿದೆ. ಅದಕ್ಕಿರುವ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಹೊಸಬರಿಗೆ ನೆನಪಿಡಬೇಕಾದ ಹೆಸರು ಒಂದೇ. ಯಾವ ಪ್ರೊಸೀಜರ್ ಇದೆ, ಯಾವುದು ಇಲ್ಲ ಎಂಬುದನ್ನು ಒಂದೇ ಕಡೆ ನೋಡಬಹುದು, ಆದ್ದರಿಂದ ಇದ್ದದ್ದನ್ನೇ ಮತ್ತೆ ಬರೆಯುವುದು ಕಡಿಮೆಯಾಗುತ್ತದೆ. ಬಳಸದ ಪ್ರೊಟೊಟೈಪ್‌ಗಳಿಂದ ಪ್ರೋಗ್ರಾಮ್ ದಪ್ಪವಾಗುತ್ತದೆಂಬ ಆಕ್ಷೇಪಣೆ ನಿಜವಲ್ಲ. ಪ್ರೊಟೊಟೈಪ್ ಎಂಬುದು ವಿವರಣೆ ಮಾತ್ರ, ಅದರಿಂದ ಕೋಡಾಗಲಿ ಮೆಮೊರಿಯಾಗಲಿ ಹುಟ್ಟುವುದಿಲ್ಲ. ಡೇಟಾ ಸ್ಟ್ರಕ್ಚರ್‌ಗಳ ಮಾತು ಬೇರೆ. ಅವುಗಳನ್ನೂ ಕಾಪಿಬುಕ್ಕಿನಲ್ಲಿಟ್ಟರೆ ಟೆಂಪ್ಲೇಟ್ ಎಂಬ ಕೀವರ್ಡ್ ಸೇರಿಸಬೇಕು, ಇಲ್ಲದಿದ್ದರೆ ಪ್ರತಿ ಪ್ರೋಗ್ರಾಮಿನಲ್ಲೂ ಅವು ಜಾಗ ಹಿಡಿಯುತ್ತವೆ. ಆ ಕೀವರ್ಡ್ ಬಂದದ್ದು 2008ರ 6.1 ಬಿಡುಗಡೆಯಲ್ಲಿ, ಅದಕ್ಕಿಂತ ಹಳೆಯ ಕೋಡಿನಲ್ಲಿ ಎಂದೂ ವಿಳಾಸ ತುಂಬದ ಪಾಯಿಂಟರಿಗೆ ಸ್ಟ್ರಕ್ಚರನ್ನು ಕಟ್ಟಿಹಾಕಿ ಜಾಗ ಉಳಿಸುತ್ತಿದ್ದರು. ಹಾಗೆ ಕಟ್ಟಿದ ಅನಾಥ ಪಾಯಿಂಟರುಗಳು ಕಣ್ಣಿಗೆ ಬಿದ್ದರೆ ಗಾಬರಿಯಾಗಬೇಕಿಲ್ಲ.

ತೊಂದರೆಗಳು ಬೇರೆ ಕಡೆ ಇವೆ. ಮೊದಲನೆಯದು ಹೆಸರಿನ ಘರ್ಷಣೆ. ಯಾರೋ ದೊಡ್ಡ ಕಾಪಿಬುಕ್ಕಿಗೆ ‘ನಿವ್ವಳ ತೂಕ’ ಎಂಬ ಅರ್ಥ ಬರುವ ಹೆಸರಿನ ಪ್ರೊಸೀಜರೊಂದನ್ನು ಸೇರಿಸುತ್ತಾರೆ. ಅದಕ್ಕೆ ಏನೇನೂ ಸಂಬಂಧವಿಲ್ಲದ ಹತ್ತಾರು ಪ್ರೋಗ್ರಾಮ್‌ಗಳಲ್ಲಿ ಅದೇ ಹೆಸರಿನ ವೇರಿಯಬಲ್ ಮೊದಲೇ ಇರುತ್ತದೆ. ಅವು ಅಂದೇ ಕೆಡುವುದಿಲ್ಲ, ಮುಂದೆಂದೋ ಬೇರೆ ಕಾರಣಕ್ಕೆ ಕಂಪೈಲ್ ಮಾಡಿದಾಗ ಒಂದೇ ಹೆಸರು ಎರಡು ಬಾರಿ ಬಂದಿದೆ ಎಂದು ಕಂಪೈಲರ್ ಹಟ ಹಿಡಿಯುತ್ತದೆ. ಆಗ ಅದನ್ನು ಸರಿಪಡಿಸಬೇಕಾದವರು ಬೇರೆಯವರು. ಎರಡನೆಯದು, ಒಂದೇ ಮೆಂಬರಿಗೆ ಎಲ್ಲರೂ ಕೈ ಹಾಕಬೇಕು. ಹಳೆಯ ಎಸ್‌ಇಯು ಸಂಪಾದಕದಲ್ಲಿ ಒಬ್ಬರು ಮೆಂಬರನ್ನು ತೆರೆದು ತಿದ್ದುತ್ತಿರುವಾಗ ಇನ್ನೊಬ್ಬರು ತಿದ್ದುವಂತಿಲ್ಲ, ಗಿಟ್ ಬಳಸುವವರಿಗೆ ಅದು ಮರ್ಜ್ ಜಗಳವಾಗಿ ಕಾಣಿಸಿಕೊಳ್ಳುತ್ತದೆ. ಮೂರನೆಯದೇ ನನ್ನ ಮಟ್ಟಿಗೆ ನಿರ್ಣಾಯಕ: ಕಾಪಿಬುಕ್ ಬದಲಾಯಿತು ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಎಲ್ಲ ಪ್ರೋಗ್ರಾಮ್‌ಗಳೂ ಅದನ್ನು ಎಳೆದುಕೊಳ್ಳುವುದರಿಂದ, ಯಾವ ಪ್ರೋಗ್ರಾಮ್ ಯಾವುದನ್ನು ಕರೆಯುತ್ತದೆ ಎಂಬುದನ್ನು /ಕಾಪಿ ಸಾಲಿನಿಂದ ತಿಳಿಯಲಾಗುವುದಿಲ್ಲ. ಮೇಕ್ ಬಗೆಯ ಬಿಲ್ಡ್ ಸಾಧನ ಬಳಸುತ್ತಿದ್ದರೆ ಒಂದು ಕಾಮೆಂಟ್ ತಿದ್ದಿದರೂ ಇಡೀ ತಂತ್ರಾಂಶ ಮತ್ತೆ ಕಂಪೈಲ್ ಆಗುತ್ತದೆ.

ಇದೇ ರೂಢಿಯ ಒಂದು ಸುಧಾರಿತ ರೂಪವೂ ಇದೆ. ದೊಡ್ಡ ಮೆಂಬರಿನೊಳಗೆ ಪ್ರತಿ ವಿಭಾಗವನ್ನೂ ಒಂದೊಂದು ಷರತ್ತಿನ ಒಳಗಿಟ್ಟು, ಕರೆಯುವವನು ತನಗೆ ಬೇಕಾದ ವಿಭಾಗದ ಹೆಸರನ್ನು /ಡಿಫೈನ್ ಮಾಡಿ ನಂತರ /ಕಾಪಿ ಬರೆಯುವುದು. ಹೆಸರಿನ ಘರ್ಷಣೆ ಇದರಿಂದ ಕಡಿಮೆಯಾಗುತ್ತದೆ, ಯಾರು ಯಾವುದನ್ನು ಬಳಸುತ್ತಾರೆಂಬುದನ್ನೂ /ಡಿಫೈನ್ ಸಾಲುಗಳನ್ನು ಹುಡುಕಿ ತಿಳಿಯಬಹುದು. ಆದರೆ /ಡಿಫೈನ್‌ನಲ್ಲಿ ಒಂದಕ್ಷರ ತಪ್ಪಿದರೆ ಆ ಸಾಲಿನ ಬಗ್ಗೆ ಕಂಪೈಲರ್ ಏನೂ ಹೇಳುವುದಿಲ್ಲ, ಕೆಳಗೆಲ್ಲೋ ಪ್ರೊಸೀಜರ್ ಹೆಸರೇ ಗೊತ್ತಿಲ್ಲ ಎಂದು ದೂರುತ್ತದೆ. ಬೇರೆ ಬೇರೆ ಫೈಲ್ ಮಾಡಲು ಮೇಲಿನವರು ಒಪ್ಪದ ಕಡೆ ಇದು ನಡುದಾರಿ ಎಂದಷ್ಟೇ ಹೇಳಬಹುದು.

ಮೂಲದೊಳಗೇ ಪ್ರೊಟೊಟೈಪ್

ಇನ್ನೊಂದು ಜಾಣತನದ ರೂಢಿಯಲ್ಲಿ ಬೇರೆ ಕಾಪಿಬುಕ್ಕೇ ಇರುವುದಿಲ್ಲ. ಪ್ರೊಸೀಜರುಗಳನ್ನು ಬರೆದ ಮೂಲ ಮೆಂಬರಿನ ತಲೆಯಲ್ಲೇ ಪ್ರೊಟೊಟೈಪ್ ಇರುತ್ತದೆ. ಅದರ ಕೆಳಗೆ, ‘ಪ್ರೊಟೊಟೈಪ್ ಮಾತ್ರ’ ಎಂಬ ಹೆಸರು ಡಿಫೈನ್ ಆಗಿದ್ದರೆ ಇಲ್ಲಿಗೇ ನಿಲ್ಲು ಎಂದು /ಇಒಎಫ್ ಬರೆದಿರುತ್ತಾರೆ. ಕರೆಯುವವನು ಆ ಹೆಸರನ್ನು ಡಿಫೈನ್ ಮಾಡಿ ಇಡೀ ಮೂಲವನ್ನೇ /ಕಾಪಿ ಮಾಡಿಕೊಂಡರೆ ಮೇಲ್ಭಾಗ ಮಾತ್ರ ಒಳಗೆ ಬರುತ್ತದೆ. ಇಂಟರ್‌ಫೇಸೂ ಪ್ರೊಟೊಟೈಪೂ ಒಂದೇ ಪುಟದಲ್ಲಿರುವುದರಿಂದ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಪ್ರಶ್ನೆಯಿಲ್ಲ, ಮೇಲೆ ಹೇಳಿದ ಷರತ್ತು ತಾನಾಗಿಯೇ ಪಾಲನೆಯಾಗುತ್ತದೆ.

ಆದರೂ ನಾನು ಇದನ್ನು ಆರಿಸುವುದಿಲ್ಲ. ಕರೆಯುವ ಪ್ರೋಗ್ರಾಮ್ ಕೂಡ ಇದೇ ರೀತಿಯದ್ದಾಗಿದ್ದು, ಅದೂ ಅದೇ ಹೆಸರನ್ನು ಬಳಸುತ್ತಿದ್ದರೆ, ಬೇರೆಯವರ ಮೂಲವನ್ನು ಎಳೆದುಕೊಂಡ ನಂತರ ಆ ಹೆಸರನ್ನು /ಅನ್‌ಡಿಫೈನ್ ಮಾಡಲೇಬೇಕು. ಮರೆತರೆ ತನ್ನದೇ /ಇಒಎಫ್ ತನಗೇ ತಗಲಿ ಅರ್ಧ ಪ್ರೋಗ್ರಾಮ್ ಮಾಯವಾಗುತ್ತದೆ. ಕಂಟ್ರೋಲ್ ಸಾಲುಗಳು ಮೆಂಬರಿನ ಆರಂಭದಲ್ಲೇ ಇರಬೇಕಾದ್ದರಿಂದ ಅವುಗಳಿಗೂ ಪ್ರತ್ಯೇಕ ಷರತ್ತು ಬೇಕಾಗುತ್ತದೆ. ಇವೆಲ್ಲ ಒಮ್ಮೆ ಅಭ್ಯಾಸವಾದರೆ ಹೋಗುವ ತೊಡಕುಗಳು. ಹೋಗದ ತೊಡಕು ಬೇರೆ: ಪ್ರೊಸೀಜರಿನ ಒಳಗಿನ ಲೆಕ್ಕ ತಿದ್ದಿದರೂ ಫೈಲಿನ ದಿನಾಂಕ ಬದಲಾಗುತ್ತದೆ, ಇಂಟರ್‌ಫೇಸ್ ತಿದ್ದಿದರೂ ಬದಲಾಗುತ್ತದೆ. ಬಿಲ್ಡ್ ಸಾಧನಕ್ಕೂ, ಇತಿಹಾಸ ನೋಡುವ ಮನುಷ್ಯನಿಗೂ ಇವೆರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಂಟರ್‌ಫೇಸ್ ಎಂದು ಬದಲಾಯಿತು ಎಂಬ ಪ್ರಶ್ನೆಗೆ ಫೈಲಿನ ಇತಿಹಾಸವೇ ಉತ್ತರ ಕೊಡುವಂತಿರಬೇಕು.

ಕರೆಸಿಕೊಳ್ಳುವ ಪ್ರತಿ ಘಟಕಕ್ಕೊಂದು

ನಾನು ಶಿಫಾರಸು ಮಾಡುವುದು ಇದನ್ನು. ಒಂಟಿ ಪ್ರೋಗ್ರಾಮ್ ಆದರೆ ಆ ಪ್ರೋಗ್ರಾಮಿಗೆ ಒಂದು ಕಾಪಿಬುಕ್, ಸರ್ವಿಸ್ ಪ್ರೋಗ್ರಾಮ್ (ಹಲವು ಪ್ರೋಗ್ರಾಮ್‌ಗಳು ಬಳಸುವ ಪ್ರೊಸೀಜರುಗಳ ಕಟ್ಟು) ಆದರೆ ಅದರ ಎಲ್ಲ ಎಕ್ಸ್‌ಪೋರ್ಟ್ ಪ್ರೊಸೀಜರುಗಳಿಗೂ ಸೇರಿ ಒಂದು ಕಾಪಿಬುಕ್. ಅದರ ಹೆಸರು ಆ ಘಟಕದ ಹೆಸರೇ ಆಗಿರಲಿ, ಇರುವ ಜಾಗ ಮಾತ್ರ ಬೇರೆ. ಹಳೆಯ ಸೋರ್ಸ್ ಫೈಲುಗಳಲ್ಲಿ ಮೆಂಬರಿನ ಹೆಸರು 10 ಅಕ್ಷರ ಮೀರುವಂತಿಲ್ಲ; ಆದ್ದರಿಂದ ಹೆಸರಿನ ಕೊನೆಗೆ ‘ಪಿಆರ್’ ಎಂದೋ ಇನ್ನೇನೋ ಬಾಲ ಸೇರಿಸುವ ಪದ್ಧತಿ ಬೇಗನೆ ಇಕ್ಕಟ್ಟಿಗೆ ಸಿಲುಕುತ್ತದೆ. ಪ್ರೊಟೊಟೈಪ್‌ಗಳಿಗೆಂದೇ ಬೇರೊಂದು ಸೋರ್ಸ್ ಫೈಲ್ ಮಾಡಿ ಅದೇ ಹೆಸರನ್ನು ಇಡುವುದು ಇದಕ್ಕಿಂತ ಸರಳ. ಐಎಫ್‌ಎಸ್‌ನಲ್ಲಿ (ಯಂತ್ರದ ಫೋಲ್ಡರ್ ರೂಪದ ಫೈಲ್ ವ್ಯವಸ್ಥೆ) ಕೋಡ್ ಇಡುವವರಿಗೆ ಈ ಇಕ್ಕಟ್ಟಿಲ್ಲ, ಅಲ್ಲಿ ಕಾಪಿಬುಕ್ಕಿಗೆ ‘ಆರ್‌ಪಿಜಿಎಲ್‌ಇಇಂಕ್’ ಎಂಬ ಬೇರೆ ವಿಸ್ತರಣೆ ಕೊಡುವುದು ರೂಢಿಗೆ ಬಂದಿದೆ.

ಇದರ ಲಾಭ ಬದಲಾವಣೆಯ ದಿನ ಕಾಣುತ್ತದೆ. ಬೆಳೆಗಾರರ ಮುಂಗಡ ಬಾಕಿಯನ್ನು ಲೆಕ್ಕ ಹಾಕುವ ಸರ್ವಿಸ್ ಪ್ರೋಗ್ರಾಮಿನ ಒಂದು ಪ್ರೊಸೀಜರಿಗೆ ಪ್ಯಾರಾಮೀಟರ್ ಸೇರಿಸಬೇಕು ಎಂದಾದರೆ, ಆ ಕಾಪಿಬುಕ್ಕಿನ ಹೆಸರನ್ನು ಎಲ್ಲ ಮೂಲಗಳಲ್ಲಿ ಹುಡುಕಿದರೆ ಸಾಕು. ಸಿಕ್ಕಿದ್ದೇ ಮತ್ತೆ ಕಂಪೈಲ್ ಮಾಡಬೇಕಾದವುಗಳ ಪಟ್ಟಿ. ಯಂತ್ರದ ಮೇಲೆ ಮೆಂಬರುಗಳನ್ನು ನಿರ್ವಹಿಸುವ ಪಿಡಿಎಂ ಎಂಬ ಸಾಧನದ 25ನೆಯ ಆಯ್ಕೆ ಈ ಹುಡುಕಾಟವನ್ನು ಮಾಡಿಕೊಡುತ್ತದೆ, ಗಿಟ್‌ನಲ್ಲಿ ಇಟ್ಟವರು ತಮ್ಮ ಲ್ಯಾಪ್‌ಟಾಪಿನಲ್ಲೇ ಕ್ಷಣದಲ್ಲಿ ಹುಡುಕಬಹುದು. ಆಷಾಢದಲ್ಲಿ ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋದ ದಿನಗಳಲ್ಲಿ ಈ ಎರಡನೆಯ ಅನುಕೂಲಕ್ಕೆ ಬೆಲೆ ಹೆಚ್ಚು. ಯಂತ್ರದ 5250 ಎಂಬ ಟರ್ಮಿನಲ್ಲಿನ ಹಸಿರು ಪರದೆ ಎಷ್ಟೇ ತೆಳುವಾದ ಸಂಪರ್ಕದಲ್ಲೂ ನಡೆಯುತ್ತದೆ ನಿಜ, ಆದರೆ ಸಂಪರ್ಕ ಇರಬೇಕಷ್ಟೆ.

ಸರ್ವಿಸ್ ಪ್ರೋಗ್ರಾಮಿಗೆ ಒಂದು ಎನ್ನುವ ಬದಲು ಪ್ರೊಸೀಜರಿಗೆ ಒಂದು ಎಂದು ಇನ್ನೂ ಸಣ್ಣದಾಗಿ ಸೀಳುವವರಿದ್ದಾರೆ. ಹಾಗೆ ಮಾಡಿದರೆ ಬದಲಾವಣೆಯ ಪಟ್ಟಿ ಇನ್ನಷ್ಟು ನಿಖರವಾಗುತ್ತದೆ ಎಂಬುದು ಸರಿಯೇ. ಆದರೆ ಕರೆಯುವ ಪ್ರೋಗ್ರಾಮಿನ ಆರಂಭದಲ್ಲಿ ಇಪ್ಪತ್ತು, ಮೂವತ್ತು /ಕಾಪಿ ಸಾಲುಗಳು ಸಾಲುಗಟ್ಟಿ ನಿಂತಾಗ ಜನ ಬೇಸತ್ತು ಅವನ್ನೆಲ್ಲ ಒಂದರೊಳಗೆ ಸೇರಿಸಿದ ‘ಛತ್ರಿ’ ಕಾಪಿಬುಕ್ ಮಾಡುತ್ತಾರೆ, ಎಲ್ಲರೂ ಅದನ್ನೇ ಎಳೆದುಕೊಳ್ಳುತ್ತಾರೆ, ಕೊನೆಗೆ ಒಂದೇ ದೊಡ್ಡ ಮೆಂಬರಿನ ರೂಢಿಗೇ ಬಳಸುದಾರಿಯಿಂದ ಬಂದು ಮುಟ್ಟಿದಂತಾಗುತ್ತದೆ. ಸರ್ವಿಸ್ ಪ್ರೋಗ್ರಾಮಿನ ಮಟ್ಟದಲ್ಲಿ ನಿಲ್ಲುವುದು ಸಾಕು. ಅದರೊಳಗಿನ ಮಾಡ್ಯೂಲುಗಳು ಪರಸ್ಪರ ಕರೆಯುವ, ಹೊರಗಿನವರಿಗೆ ಬೇಡದ ಪ್ರೊಸೀಜರುಗಳಿದ್ದರೆ ಅವುಗಳಿಗೆ ಇನ್ನೊಂದು ಖಾಸಗಿ ಕಾಪಿಬುಕ್ ಇರಲಿ. ಹೊರಗಿನ ಕಾಪಿಬುಕ್ಕಿನಲ್ಲಿ ಕಾಣಿಸಿದ್ದನ್ನು ಯಾರಾದರೂ ಒಂದು ದಿನ ಕರೆದೇ ಕರೆಯುತ್ತಾರೆ.

ವಿಷಯವಾರು ವಿಂಗಡಣೆಯೂ, ಅಂದರೆ ಟೆಂಡರಿಗೆ ಒಂದು, ಸಾಲಕ್ಕೆ ಒಂದು, ದಾಸ್ತಾನಿಗೆ ಒಂದು ಎಂಬ ಪದ್ಧತಿಯೂ, ಕೆಲವು ಕಡೆ ಕಾಣುತ್ತದೆ. ಕೋಡ್ ಪೂರ್ತಿ ಹಳೆಯ ಒಂಟಿ ಪ್ರೋಗ್ರಾಮ್‌ಗಳದ್ದೇ ಆಗಿದ್ದು, ಅವು ನೂರಾರು ಇದ್ದು, ಪ್ರತಿಯೊಂದನ್ನೂ ಕರೆಯುವವರು ಒಬ್ಬಿಬ್ಬರೇ ಆಗಿದ್ದರೆ ಇದು ಒಪ್ಪುವ ಆಯ್ಕೆ. ಆದರೆ ವಿಭಾಗದ ಗಡಿಗಳು ಜಾರುತ್ತವೆ: ಟೆಂಡರಿನ ಹಣದಿಂದ ಮುಂಗಡವನ್ನು ಮುರಿದುಕೊಳ್ಳುವ ಪ್ರೋಗ್ರಾಮ್ ಟೆಂಡರಿನದೋ ಸಾಲದ್ದೋ? ಸರ್ವಿಸ್ ಪ್ರೋಗ್ರಾಮಿನ ಗಡಿಯ ಬಗ್ಗೆ ಇಂಥ ವಾದ ಏಳುವುದಿಲ್ಲ.

ಕಾಪಿಬುಕ್ಕಿನೊಳಗೆ ಏನಿರಬೇಕು

ಪ್ರತಿ ಕಾಪಿಬುಕ್ಕಿನ ಆರಂಭದಲ್ಲಿ, ಈ ಹೆಸರು ಮೊದಲೇ ಡಿಫೈನ್ ಆಗಿಲ್ಲದಿದ್ದರೆ ಮಾತ್ರ ಮುಂದೆ ಓದು ಎಂಬ ಕಾವಲು ಸಾಲು ಇರಲಿ. ಎರಡು ದಾರಿಯಿಂದ ಅದೇ ಕಾಪಿಬುಕ್ ಒಳಗೆ ಬಂದರೂ ಆಗ ತೊಂದರೆಯಿಲ್ಲ. ಪ್ಯಾರಾಮೀಟರುಗಳ ಉದ್ದವನ್ನು ಅಲ್ಲಲ್ಲಿ ಅಂಕಿಯಲ್ಲಿ ಬರೆಯುವ ಬದಲು ದರ್ಜೆ ಸಂಕೇತ, ಲಾಟ್ ನಂಬರು, ಮೊತ್ತ ಇವುಗಳಿಗೆ ಟೆಂಪ್ಲೇಟ್ ವೇರಿಯಬಲ್ ಮಾಡಿ ಲೈಕ್ (‘ಅದರಂತೆಯೇ’) ಎಂಬ ಕೀವರ್ಡಿನ ಮೂಲಕ ತೋರಿಸಿದರೆ, ಮುಂದೆ 2ನ್ನು 4 ಮಾಡಬೇಕಾದಾಗ ತಿದ್ದುವ ಜಾಗ ಒಂದೇ ಆಗಿರುತ್ತದೆ. ಹಲವು ಸರ್ವಿಸ್ ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಇಂಥ ಟೆಂಪ್ಲೇಟುಗಳಿಗೆ ಮಾತ್ರ ಒಂದು ಸಾಮಾನ್ಯ ಕಾಪಿಬುಕ್ ಇರುವುದು ನ್ಯಾಯವೇ.

ಇಲ್ಲಿ ಎಸ್‌ಕ್ಯೂಎಲ್ ಪ್ರಿಕಂಪೈಲರ್ (ಕಂಪೈಲರಿಗೂ ಮೊದಲು ಡೇಟಾಬೇಸಿನ ಎಸ್‌ಕ್ಯೂಎಲ್ ವಾಕ್ಯಗಳನ್ನು ಬಿಡಿಸುವ ಸಾಧನ) ಅಡ್ಡ ಬರುತ್ತದೆ. ಕಂಪೈಲರಿನ ಮಟ್ಟಿಗೆ /ಕಾಪಿ ಮತ್ತು /ಇನ್‌ಕ್ಲೂಡ್ ಎರಡೂ ಒಂದೇ. ಎಸ್‌ಕ್ಯೂಎಲ್ ಇರುವ ಮೂಲದಲ್ಲಿ ಹಾಗಲ್ಲ: ಆರ್‌ಪಿಜಿಪಿಪಿಒಪಿಟಿ ಎಂಬ ಆಯ್ಕೆಯನ್ನು ಮುಟ್ಟದೆ ಬಿಟ್ಟರೆ ಪ್ರಿಕಂಪೈಲರ್ /ಕಾಪಿಯನ್ನು ತಾನೇ ಬಿಡಿಸುತ್ತದೆ, ಆದರೆ ಕಾಪಿಯೊಳಗೊಂದು ಕಾಪಿ ಇದ್ದರೆ ಒಪ್ಪುವುದಿಲ್ಲ, /ಇನ್‌ಕ್ಲೂಡ್ ಒಳಗೆ ಇಣುಕಿಯೂ ನೋಡುವುದಿಲ್ಲ. ಮೊದಲ ಮಟ್ಟ ಎಂದು ಕೊಟ್ಟರೆ ಒಳಗಿನ /ಕಾಪಿಗಳೂ ಬಿಡಿಸಲ್ಪಡುತ್ತವೆ, ಎರಡನೆಯ ಮಟ್ಟ ಎಂದರೆ /ಇನ್‌ಕ್ಲೂಡ್ ಕೂಡ. ಪ್ರಿಕಂಪೈಲರಿಗೆ ಬೇಕಾದದ್ದು ಎಸ್‌ಕ್ಯೂಎಲ್ ವಾಕ್ಯದಲ್ಲಿ ಬಳಸುವ ವೇರಿಯಬಲ್‌ಗಳ ವಿವರ, ಪ್ರೊಟೊಟೈಪ್ ಅಲ್ಲ. ಆದ್ದರಿಂದ ಪ್ರೊಟೊಟೈಪ್‌ಗಳನ್ನು /ಇನ್‌ಕ್ಲೂಡ್ ಮೂಲಕವೂ, ಎಸ್‌ಕ್ಯೂಎಲ್‌ಗೆ ಬೇಕಾದ ಸ್ಟ್ರಕ್ಚರುಗಳನ್ನು /ಕಾಪಿ ಮೂಲಕವೂ ತರುವ ನಿಯಮ ಇಟ್ಟುಕೊಂಡರೆ ಹಳೆಯ ಕಂಪೈಲ್ ಆಜ್ಞೆಗಳನ್ನು ಬದಲಿಸದೆಯೇ ಕೆಲಸ ನಡೆಯುತ್ತದೆ. ಇಂಥದೊಂದು ನಿಯಮ ನಿಮ್ಮ ಕೋಡಿನಲ್ಲಿ ಮೊದಲೇ ಇರಲೂಬಹುದು. ಎರಡೂ ಪದಗಳು ಬೆರೆತು ಕಂಡರೆ ಒಂದೇ ಬಗೆಗೆ ತರುವ ಮುನ್ನ ಎಸ್‌ಕ್ಯೂಎಲ್ ಇದೆಯೇ ಎಂದು ನೋಡಿಕೊಳ್ಳಿ.

ಯಂತ್ರದ ಜೊತೆಗೇ ಬರುವ ಐಬಿಎಂನ ಎಪಿಐಗಳಿಗೆ, ಅಂದರೆ ನಮ್ಮ ಕೋಡಿನಿಂದ ಕರೆಯಬಹುದಾದ ಸಿದ್ಧ ಪ್ರೋಗ್ರಾಮ್‌ಗಳಿಗೆ, ಪ್ರತ್ಯೇಕ ಕಾಪಿಬುಕ್ ಇರಲಿ. ಅವು ನಮ್ಮ ಮಾತಿಗೆ ಬದಲಾಗುವಂಥವಲ್ಲ, ಆದ್ದರಿಂದ ಒಟ್ಟಿಗೆ ಇಟ್ಟರೂ ಮೇಲಿನ ತೊಂದರೆಗಳು ಬರುವುದಿಲ್ಲ. ಕಮಾಂಡ್ ಓಡಿಸುವ ಕ್ಯೂಸಿಎಂಡಿಎಕ್ಸ್‌ಸಿಯ ಎರಡನೆಯ ಪ್ಯಾರಾಮೀಟರ್ 15 ಅಂಕಿ, 5 ದಶಮಾಂಶದ ಪ್ಯಾಕ್ಡ್ ಆಗಿರಬೇಕೆಂಬುದು ಒಮ್ಮೆ ಸರಿಯಾಗಿ ಬರೆದಿಟ್ಟರೆ ಮತ್ತೆ ಯಾರೂ ನೆನಪಿಡಬೇಕಾಗಿಲ್ಲ.

ಸಿಗ್ನೇಚರ್ ಕಾಯುತ್ತದೆ ಎಂಬ ನಂಬಿಕೆ

ಸರ್ವಿಸ್ ಪ್ರೋಗ್ರಾಮಿಗೆ ಸಿಗ್ನೇಚರ್ (ಕರೆಯುವ ಪ್ರೋಗ್ರಾಮಿನೊಡನೆ ತಾಳೆ ನೋಡುವ ಗುರುತು) ಇದೆ, ಇಂಟರ್‌ಫೇಸ್ ಬದಲಾದರೆ ಅದು ಹಿಡಿಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಹಿಡಿಯುವುದು ಅರ್ಧವನ್ನು ಮಾತ್ರ. ಮಾಡ್ಯೂಲುಗಳನ್ನು ಜೋಡಿಸುವ ಬೈಂಡರ್ ತಾನಾಗಿ ರಚಿಸುವ ಸಿಗ್ನೇಚರ್ ಎಕ್ಸ್‌ಪೋರ್ಟ್‌ಗಳ ಹೆಸರು ಮತ್ತು ಅವುಗಳ ಕ್ರಮದಿಂದ ಹುಟ್ಟುತ್ತದೆ, ಪ್ಯಾರಾಮೀಟರುಗಳ ಉದ್ದ, ಬಗೆ, ಸಂಖ್ಯೆಗಳು ಅದರಲ್ಲಿ ಸೇರುವುದಿಲ್ಲ. ಮೊತ್ತವನ್ನು 9ರಿಂದ 11ಕ್ಕೆ ಹಿಗ್ಗಿಸಿದರೂ ಸಿಗ್ನೇಚರ್ ಹಾಗೆಯೇ ಇರುತ್ತದೆ, ಹಳೆಯ ಪ್ರೋಗ್ರಾಮ್‌ಗಳು ಹಾಗೆಯೇ ಕರೆಯುತ್ತವೆ. ಒಂಟಿ ಪ್ರೋಗ್ರಾಮ್‌ಗಳಿಗಂತೂ ಆ ಅರ್ಧ ಕಾವಲೂ ಇಲ್ಲ. ಪ್ಯಾರಾಮೀಟರ್ ಬದಲಾವಣೆಯನ್ನು ಹಿಡಿಯಬಲ್ಲದ್ದು ಕಾಪಿಬುಕ್ಕಿನ ಶಿಸ್ತು ಮತ್ತು ಅದರ ಹೆಸರಿನ ಹುಡುಕಾಟ ಮಾತ್ರ.

ಆದಷ್ಟು ಇದ್ದದ್ದನ್ನು ಬದಲಿಸದೆ ಕೊನೆಗೆ ಹೊಸ ಪ್ಯಾರಾಮೀಟರ್ ಸೇರಿಸಿ ಅದಕ್ಕೆ ನೋಪಾಸ್ (ಕೊಡದೆ ಬಿಟ್ಟರೂ ನಡೆಯುತ್ತದೆ ಎಂಬ) ಆಯ್ಕೆ ಕೊಡುವುದು ಸುರಕ್ಷಿತ. ಒಳಗೆ ಅದು ಬಂದಿದೆಯೇ ಎಂದು ಪಾರ್ಮ್ಸ್ ಫಂಕ್ಷನ್ ಮೂಲಕ ನೋಡಿಯೇ ಬಳಸಬೇಕು. ಇದ್ದ ಪ್ಯಾರಾಮೀಟರಿನ ಬಗೆಯನ್ನೇ ಬದಲಿಸಬೇಕಾದರೆ ಹೊಸ ಹೆಸರಿನ ಪ್ರೊಸೀಜರನ್ನು ಬರೆದು, ಬೈಂಡರ್ ಭಾಷೆಯ ಎಕ್ಸ್‌ಪೋರ್ಟ್ ಪಟ್ಟಿಯ ಕೊನೆಗೆ ಸೇರಿಸಿ, ಹಳೆಯದನ್ನು ಹೊಸದಕ್ಕೆ ದಾಟಿಸುವ ಹಾಗೆ ಉಳಿಸಿಕೊಳ್ಳಬಹುದು.

ಎಲ್ಲಿಂದ ಆರಂಭಿಸುವುದು

ಈಗಾಗಲೇ ದೊಡ್ಡ ಒಂದೇ ಕಾಪಿಬುಕ್ ಇರುವ ಕಡೆ ಅದನ್ನು ಒಂದೇ ದಿನ ಒಡೆಯಲು ಹೋಗಬೇಡಿ. ಅದರೊಳಗಿನ ಒಂದು ಸರ್ವಿಸ್ ಪ್ರೋಗ್ರಾಮಿನ ಪ್ರೊಟೊಟೈಪ್‌ಗಳನ್ನು ಹೊಸ ಮೆಂಬರಿಗೆ ಸಾಗಿಸಿ, ಕಾವಲು ಸಾಲು ಹಾಕಿ, ಹಳೆಯ ಜಾಗದಲ್ಲಿ ಆ ಹೊಸದನ್ನು ಎಳೆದುಕೊಳ್ಳುವ ಒಂದು ಸಾಲನ್ನು ಬಿಡಿ. ಹಳೆಯ ಪ್ರೋಗ್ರಾಮ್‌ಗಳಿಗೆ ಏನೂ ಬದಲಾಗುವುದಿಲ್ಲ, ಹೊಸದಾಗಿ ಬರೆಯುವವು ನೇರವಾಗಿ ಹೊಸ ಮೆಂಬರನ್ನು ಬಳಸುತ್ತವೆ. ಇದರಿಂದ ಕಾಪಿಯೊಳಗೆ ಕಾಪಿ ಹುಟ್ಟುತ್ತದೆ, ಆದ್ದರಿಂದ ಎಸ್‌ಕ್ಯೂಎಲ್ ಇರುವ ಮೂಲಗಳಿಗಾಗಿ ಆ ಒಳಗಿನ ಸಾಲನ್ನು /ಇನ್‌ಕ್ಲೂಡ್ ಎಂದೇ ಬರೆಯಿರಿ. ಮೊದಲು ಎತ್ತಿಕೊಳ್ಳಬೇಕಾದದ್ದು ಹೆಚ್ಚು ಬದಲಾಗುವ ಸರ್ವಿಸ್ ಪ್ರೋಗ್ರಾಮನ್ನು, ಹೆಚ್ಚು ಬಳಕೆಯಲ್ಲಿರುವುದನ್ನಲ್ಲ. ಆರ್ಥಿಕ ವರ್ಷವನ್ನು ಹೇಳುವ ದಿನಾಂಕದ ಪ್ರೊಸೀಜರನ್ನು ಎಲ್ಲರೂ ಕರೆಯುತ್ತಾರೆ, ಆದರೆ ಅದು ವರ್ಷಗಟ್ಟಲೆ ಬದಲಾಗುವುದಿಲ್ಲ. ಅದು ಎಲ್ಲಿದ್ದರೂ ನಡೆಯುತ್ತದೆ.

ಕಾಲ್ ಮತ್ತು ಪಾರ್ಮ್‌ನಲ್ಲಿರುವ ತೀರಾ ಹಳೆಯ ಕರೆಗಳನ್ನು ಅವುಗಳ ಪಾಡಿಗೆ ಬಿಡಬಹುದು. ಅವು ಕರೆಯುವ ಪ್ರೋಗ್ರಾಮಿನ ಇಂಟರ್‌ಫೇಸನ್ನು ಮುಟ್ಟಬೇಕಾದ ದಿನ ಮಾತ್ರ ಪ್ರೊಟೊಟೈಪ್ ಬರೆದು, ಮಾಲೀಕ ಪ್ರೋಗ್ರಾಮಿನಲ್ಲಿ ಎಂಟ್ರಿ ಪಟ್ಟಿಯ (ಹಳೆಯ ರೀತಿಯ ಪ್ಯಾರಾಮೀಟರ್ ಪಟ್ಟಿ) ಬದಲು ಪ್ರೊಸೀಜರ್ ಇಂಟರ್‌ಫೇಸ್ ಇಟ್ಟು, ಎರಡೂ ಹೊಂದುತ್ತವೆಯೇ ಎಂದು ಒಮ್ಮೆ ಕಂಪೈಲ್ ಮಾಡಿ ನೋಡಿ, ಆ ನಂತರ ಕರೆಯುವವರನ್ನು ಒಬ್ಬೊಬ್ಬರನ್ನಾಗಿ ಬದಲಿಸಿ. ಬದಲಿಸುವಾಗ ಕಮಾಂಡ್ ಸಾಲಿನಿಂದ ಕೈಯಾರೆ ಕರೆಯುವ ಜಾಬ್‌ಗಳನ್ನು ಮರೆಯಬೇಡಿ. ಅಲ್ಲಿ ಬರೆದ ಅಂಕಿ ಯಾವಾಗಲೂ 15 ಅಂಕಿ, 5 ದಶಮಾಂಶದ ಪ್ಯಾಕ್ಡ್ ಆಗಿಯೇ ಹೋಗುತ್ತದೆ, ಯಾವ ಕಾಪಿಬುಕ್ಕೂ ಅದನ್ನು ತಡೆಯಲಾರದು. ಅಂಥ ಪ್ರೋಗ್ರಾಮ್‌ಗಳಿಗೆ ಒಂದು ಕಮಾಂಡ್ ಆಬ್ಜೆಕ್ಟ್ ಮಾಡಿಕೊಟ್ಟು, ಪ್ಯಾರಾಮೀಟರಿನ ಬಗೆಯನ್ನು ಅದರಲ್ಲೇ ನಮೂದಿಸಬೇಕು.